ಶೀನನ ಮಂಡಿ

ನನ್ನ ಅಂಗಿಯ ಜೇಬಿನಲ್ಲಿ ಇವತ್ತಿಗೂ ಒಂದು ಬಾಚಣಿಗೆ ಇರುತ್ತದೆ. ತಲೆಯಲ್ಲಿ ಬಾಚುವಂಥದ್ದು ಏನೂ ಉಳಿದಿಲ್ಲವೆಂಬುದು ನನ್ನನ್ನು ಹಿಂದಿನಿಂದ ಒಮ್ಮೆ ಕಂಡವರಿಗೂ ಗೊತ್ತು. ಬೇಲಿಯಂಚಿನ ಹುಲ್ಲಿನ ಹಾಗೆ ಎರಡು ಕಿವಿಗಳ ಮೇಲೆ ನಾಲ್ಕು ನಾಲ್ಕು ಎಳೆ ಇವೆ, ಅಷ್ಟೆ. ಆದರೂ ಬೆಳಿಗ್ಗೆ ಅಂಗಿ ತೊಡುವಾಗ ಕೈ ತಾನಾಗಿ ಕಿಟಕಿಯ ಹತ್ತಿರ ಹೋಗಿ ಆ ಕಪ್ಪು ಬಾಚಣಿಗೆಯನ್ನು ಎತ್ತಿ ಜೇಬಿಗೆ ಹಾಕಿಬಿಡುತ್ತದೆ. "ಅದ್ ಎಂತಕ್ಕೆ? ಬೆನ್ನ್ ತುರ್ಸುಕಾ?" ಎಂದು ನನ್ನ ಹೆಂಡತಿ ವನಜ ಕೇಳುವುದುಂಟು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಟ್ಟ ಕನ್ನಡ ಮಾಸ್ತರ ನಾನು, ಅದರ ಉದಾಹರಣೆಯಾಗಿ ಮನೆಯಲ್ಲಿ ಓಡಾಡುತ್ತಿರುವುದು ಅವಳಿಗೆ ತಮಾಷೆ.

ಆ ಬಾಚಣಿಗೆಗೆ ಒಬ್ಬ ಗಿರಾಕಿ ಇದ್ದಾನೆ, ಮಿತ್ರರೇ. ಉಪ್ಪುಂದದ ಶೀನ. ದೋಣಿಗಳ ಇಂಜಿನ್ ರಿಪೇರಿ ಮಾಡುವವನು; ನನ್ನ ಓರಗೆಯವನು, ಅಂದರೆ ಅರುವತ್ತೆರಡು ಕಳೆದವನು. ತಲೆಯ ತುಂಬ ಕೂದಲು, ಅದೂ ಬರೀ ಕೂದಲಲ್ಲ, ಮಳೆಗಾಲದ ಗುಡ್ಡದ ಹಾಗೆ ದಟ್ಟ, ಅಲ್ಲೊಂದು ಇಲ್ಲೊಂದು ನರೆ ಬಿಟ್ಟರೆ ಕಪ್ಪೇ ಕಪ್ಪು. ಕಿರಿಮಂಜೇಶ್ವರದಲ್ಲಿ ನಮ್ಮ ಮನೆಯ ಹಿಂದಿನ ಹೊಯ್ಗೆಯ, ಅಂದರೆ ಮರಳಿನ, ಬಯಲಿನಲ್ಲಿ ಪ್ರತಿ ಆದಿತ್ಯವಾರ ಬೆಳಿಗ್ಗೆ ನಾವು ಹಳಬರು ವಾಲಿಬಾಲ್ ಆಡುತ್ತೇವೆ. ಆಟ ಮುಗಿದ ಮೇಲೆ ನಲ್ಲಿಯಡಿ ತಲೆ ಹಿಡಿದು, ನೀರು ಕೊಡವಿಕೊಂಡು ಅವನು ಕೈ ಚಾಚುತ್ತಾನೆ: "ಹ್ವಾಯ್ ಮಾಷ್ಟ್ರೇ, ಬಾಚಣ್ಗಿ ಕೊಡ್ ಕಾಂಬ." ಕೊಡುತ್ತೇನೆ. ಅವನು ಬಾಚಿ ಹಿಂದಿರುಗಿಸಿದಾಗ ಅದರ ಹಲ್ಲುಗಳ ನಡುವೆ ಅವನ ಎರಡು ಕೂದಲು ಸಿಕ್ಕಿಕೊಂಡಿರುತ್ತವೆ. ಉದುರಿದ್ದನ್ನೂ ನನಗೆ ದಾನ ಮಾಡಿ ಹೋಗುವಷ್ಟು ಅವನು ಸಿರಿವಂತ.

ಹೌದು, ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ? ಸಂಸ್ಕೃತದವರು ಮತ್ಸರ, ಅಸೂಯೆ ಎಂದು ಅದಕ್ಕೆ ಮಡಿಪಂಚೆ ಉಡಿಸಿದ್ದಾರೆ. ಹಳಗನ್ನಡದಲ್ಲಿ ಕರುಬು ಎಂಬ ಚೆಂದದ ಮಾತಿದೆ. ಆದರೆ ನಮ್ಮ ಆಡುಮಾತು ನೇರವಾಗಿ ಬೆಂಕಿ ಬಿದ್ದ ಜಾಗವನ್ನೇ ತೋರಿಸಿ ಹೊಟ್ಟೆಕಿಚ್ಚು ಎಂದಿತು. ಕೂದಲಿನ ಮೇಲಿನ ಕಿಚ್ಚು ಇತ್ತೀಚಿನದು. ಮೂಲದ ಕಿಚ್ಚು ವಾಲಿಬಾಲಿನದು, ಅದಕ್ಕೆ ನಲವತ್ತು ವರ್ಷ ವಯಸ್ಸಾಗಿದೆ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ವಾಲಿಬಾಲಿನಲ್ಲಿ ಒಬ್ಬ ಚೆಂಡನ್ನು ನೆಟ್ಟಿನ ಬಳಿ ಮೇಲಕ್ಕೆ ಎತ್ತಿ ಕೊಡುತ್ತಾನೆ, ಇನ್ನೊಬ್ಬ ಹಾರಿ ಅದನ್ನು ಎದುರಾಳಿಯ ಅಂಗಳಕ್ಕೆ ಬಡಿಯುತ್ತಾನೆ. ಎತ್ತಿಕೊಡುವವನನ್ನು ನಾವು ಲಿಫ್ಟರ್ ಎನ್ನುತ್ತೇವೆ. ಅದು ನಾನು. ಬಡಿಯುವವನು ಶೀನ. ಕಾಲೇಜಿನ ದಿನಗಳಿಂದ ಬೈಂದೂರು, ಕುಂದಾಪುರ, ಬ್ರಹ್ಮಾವರದ ಬಯಲುಗಳಲ್ಲಿ ಟ್ಯೂಬ್‌ಲೈಟು ಕಟ್ಟಿದ ಅದೆಷ್ಟು ಪಂದ್ಯಗಳಲ್ಲಿ ನಾನು ಎತ್ತಿದ್ದೇನೆ, ಅವನು ಹೊಡೆದಿದ್ದಾನೆ! ಚೆಂಡು ನೆಲಕ್ಕಪ್ಪಳಿಸಿದಾಗ ಜನ ಕೂಗುವುದು ಹೊಡೆದವನ ಹೆಸರನ್ನು. ಚೆಂಡು ಆ ಎತ್ತರದಲ್ಲಿ, ಆ ಗಳಿಗೆಯಲ್ಲಿ, ಅವನ ಅಂಗೈಗಾಗಿ ಕಾಯುತ್ತ ನಿಂತದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಕನ್ನಡದಲ್ಲಿ ಎತ್ತು ಎಂಬುದಕ್ಕೆ ಎರಡರ್ಥ ಇದೆ ನೋಡಿ, ಮೇಲಕ್ಕೆತ್ತುವುದು ಒಂದು, ನೊಗ ಹೊರುವುದು ಇನ್ನೊಂದು. ಲಿಫ್ಟರನ ಪಾಲಿಗೆ ಎರಡೂ ಒಂದೇ. ಗಾಡಿಯಲ್ಲಿ ಕೂತವನ ಪೇಟವನ್ನು ನೋಡುವವರು ಎತ್ತಿನ ಕೊರಳನ್ನು ಯಾಕೆ ನೋಡುತ್ತಾರೆ?

ಯಾರಿಗೂ ಹೇಳದ ಒಂದು ಗುಟ್ಟನ್ನು ನಿಮಗೆ ಹೇಳುತ್ತೇನೆ. ಶೀನನಿಗೆ ಚಪ್ಪಾಳೆ ತೀರಾ ಹೆಚ್ಚಾದ ದಿನಗಳಲ್ಲಿ ನಾನು ಚೆಂಡನ್ನು ಬೇಕೆಂದೇ ಅರ್ಧ ಗೇಣು ಹಿಂದಕ್ಕೆ ಎತ್ತುತ್ತಿದ್ದೆ. ಹೆಚ್ಚಲ್ಲ, ಅರ್ಧ ಗೇಣು. ಅಂಪೈರಿಗೂ ತಿಳಿಯದು, ನೋಡುವವರಿಗೂ ತಿಳಿಯದು. ಅವನು ಗಾಳಿಯಲ್ಲೇ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಹೇಗೋ ಹೊಡೆದುಬಿಡುತ್ತಿದ್ದ. ಹೊಡೆದು ಒಂದೇ ಕಾಲಿನ ಮೇಲೆ ಇಳಿಯುತ್ತಿದ್ದ. ಚಪ್ಪಾಳೆ ಇನ್ನೂ ಜೋರಾಗುತ್ತಿತ್ತು. ಹೊಟ್ಟೆಕಿಚ್ಚಿನ ಕೆಲಸವೇ ಹೀಗೆ, ಅಡ್ಡಗಾಲು ಹಾಕಿದ್ದು ಅವನಿಗೆ ಮೆಟ್ಟಿಲಾಗುತ್ತದೆ.

ಇರಲಿ, ಕೂದಲಿಗೆ ಬರೋಣ. ನಿವೃತ್ತನಾದ ಮರುವರ್ಷ ವನಜಳಿಗೆ ಪೆನ್ಶನ್ ಕಾಗದದ ಕೆಲಸವೆಂದು ಸುಳ್ಳು ಹೇಳಿ ನಾನು ಬಸ್ಸು ಹತ್ತಿ ಕುಂದಾಪುರದ ಒಂದು ಚರ್ಮದ ಕ್ಲಿನಿಕ್ಕಿಗೆ ಹೋಗಿದ್ದೆ. ಬೀದಿಯಲ್ಲಿ ಅವರ ಬೋರ್ಡಿನ ಮೇಲೆ ಎರಡು ತಲೆಗಳ ಚಿತ್ರವಿತ್ತು. ಒಂದು ನನ್ನಂಥದು, ಇನ್ನೊಂದು ಶೀನನಂಥದು. ನಡುವೆ ಒಂದು ಬಾಣದ ಗುರುತು. ಒಳಗಿದ್ದ ಎಳೆಯ ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದಳು. ನಮ್ಮದೇ ತೋಳಿನಿಂದ ರಕ್ತ ತೆಗೆಯುತ್ತಾರೆ, ಅದನ್ನು ಒಂದು ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸುತ್ತಾರೆ, ಕೆಂಪು ತಳಕ್ಕಿಳಿದು ಮೇಲೆ ಹಳದಿ ದ್ರವ ನಿಲ್ಲುತ್ತದೆ, ಗಾಯವನ್ನು ಮಾಯಿಸುವ ಸಣ್ಣ ಕಣಗಳು ಅದರಲ್ಲಿ ಒತ್ತಾಗಿರುತ್ತವೆ, ಅದನ್ನೇ ಸಿರಿಂಜಿನಲ್ಲಿ ಎಳೆದು ನೆತ್ತಿಗೆ ಚುಚ್ಚುತ್ತಾರೆ. ಪಿ.ಆರ್.ಪಿ. ಎನ್ನುತ್ತಾರಂತೆ. ಇಷ್ಟು ಹೇಳಿ ಅವಳು ದೀಪ ಹಿಡಿದು ನನ್ನ ತಲೆಯನ್ನು ಪರೀಕ್ಷಿಸಿ, "ಅಂಕಲ್, ಬೇರು ಉಳಿದಿದ್ದರೆ ನೀರು ಹಾಕಬಹುದಿತ್ತು" ಎಂದಳು. ಮುಂದಿನದನ್ನು ಹೇಳದಷ್ಟು ಸಂಸ್ಕಾರವಂತೆ. ನಾನು ಬಾಚಣಿಗೆಯನ್ನು ಜೇಬಿನಲ್ಲೇ ಗಟ್ಟಿಯಾಗಿ ಹಿಡಿದುಕೊಂಡು ಬಸ್ಸಿಗೆ ಬಂದೆ.

ಇಷ್ಟು ಹಿನ್ನೆಲೆ ನಿಮಗೆ ತಿಳಿದಿದ್ದರೆ ಕಳೆದ ವರ್ಷ ಶೀನನ ಫೋನು ಬಂದಾಗ ನನಗೆ ಏನಾಯಿತೆಂಬುದು ಅರ್ಥವಾದೀತು. "ಮಾಷ್ಟ್ರೇ, ಈ ಆಯ್ತ್ವಾರ ನಾ ಬಪ್ದಿಲ್ಲ. ಬ್ರಹ್ಮಾವರಕ್ ಹೋಪುಕಿತ್ತ್. ಮಂಡಿಗೆ ಇಂಜೆಕ್ಷನ್!" ಎಂದು ಅವನು ಜೋರಾಗಿ ನಕ್ಕ. "ನಮ್ದೇ ರಕ್ತ ತೆಗ್ದ್, ಮಿಷಿನಂಗೆ ಹಾಕಿ ಗಿರಗಿರ ತಿರ್ಗ್ಸಿ, ಮೇಲ್ ಬಪ್ಪ ಹಳ್ದಿ ನೀರ್ ಮಾತ್ರ ಚುಚ್ಚುದಂಬ್ರ್. ಎಂತ ಕಾಲ ಬಂತ್ ಕಾಣ್!"

ಈಗ ಆ ಒಂದು ಶಬ್ದದ ಬಗ್ಗೆ ಹೇಳಲೇಬೇಕು. ಪುಸ್ತಕದ ಕನ್ನಡದಲ್ಲಿ ಮಂಡಿ ಎಂದರೆ ಮೊಣಕಾಲು. ಮಂಡೆ ಎಂದರೆ ತಲೆ. ಆದರೆ ನಮ್ಮ ಕುಂದಾಪುರದ ಕಡೆಯ ಬಾಯಲ್ಲಿ ಕೊನೆಯ ಎಕಾರ ಇಕಾರಕ್ಕೆ ಜಾರುತ್ತದೆ. ಮನೆ ಮನಿಯಾಗುತ್ತದೆ, ಮಂಡೆ ಮಂಡಿಯಾಗುತ್ತದೆ. ಯಕ್ಷಗಾನದಲ್ಲಿ ಮಂಡಿ ಹಾಕಿ ಕುಣಿಯುವುದೊಂದನ್ನು ಬಿಟ್ಟರೆ ನಮ್ಮಲ್ಲಿ ಮಂಡಿ ಎಂದರೆ ಕುತ್ತಿಗೆಯ ಮೇಲಿರುವುದೇ. ಮೊಣಕಾಲಿಗೆ ನಾವು ಕಾಲಿನ ಗಂಟು ಎನ್ನುತ್ತೇವೆ. ಮಂಡಿ ಬಿಸಿ ಆಯಿತು, ಮಂಡಿ ಹಾಳು ಮಾಡಬೇಡ, ಮಂಡಿ ಸಮ ಇಲ್ಲ ಎನ್ನುವ ಊರು ನಮ್ಮದು. ಇಲ್ಲಿ ಒಬ್ಬ ಮನುಷ್ಯ ಮಂಡಿಗೆ ಇಂಜೆಕ್ಷನ್ ಎಂದರೆ, ಅದೂ ರಕ್ತ, ಯಂತ್ರ, ಹಳದಿ ನೀರು ಎಂದರೆ, ನೆತ್ತಿಯಲ್ಲದೆ ಇನ್ನೇನು?

ನಾನು ಕೇಳಬಹುದಿತ್ತು. ಯಾವ ಮಂಡಿ ಮಾರಾಯ ಎಂದು ಒಂದು ಮಾತು. ಶಾಲೆಯಲ್ಲಿ ಒಂದು ಪದಕ್ಕೆ ಎರಡರ್ಥವಿದ್ದಾಗ ಸಂದರ್ಭ ನೋಡಿ ನಿರ್ಧರಿಸಬೇಕೆಂದು ಬೆತ್ತ ಹಿಡಿದು ಕಲಿಸಿದವನು ನಾನು. ಸಂದರ್ಭವೂ ಇತ್ತು: ಒಂದು ವರ್ಷದಿಂದ ಅವನು ಗಂಟು ನೋವೆಂದು ಆಗೀಗ ಹೇಳುತ್ತಿದ್ದ, ಎಡಗಾಲಿಗೆ ಪಟ್ಟಿ ಕಟ್ಟಿಕೊಂಡು ಬರುತ್ತಿದ್ದ. ಅರುವತ್ತು ದಾಟಿದ ನಮ್ಮ ಗುಂಪಿನಲ್ಲಿ ಯಾರಿಗೆ ಗಂಟು ನೋವಿಲ್ಲ ಎಂದು ನಾನು ಅದನ್ನು ತಳ್ಳಿಹಾಕಿದ್ದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ, ನನ್ನ ಹೊಟ್ಟೆಕಿಚ್ಚಿಗೆ ವಿಚಾರಣೆ ಬೇಕಿರಲಿಲ್ಲ. ಅದಕ್ಕೆ ಆ ಸುದ್ದಿ ನಿಜವಾಗಿರಬೇಕಿತ್ತು. ಇದ್ದವನಿಗೇ ಮತ್ತಷ್ಟು ಕೂದಲು, ಬೇರು ಇದ್ದವನಿಗೇ ನೀರು, ನನಗೆ ಬಾಗಿಲು ಮುಚ್ಚಿದ ಅದೇ ಚಿಕಿತ್ಸೆ ಇವನಿಗೆ ಕೈಹಿಡಿದು ಒಳಗೆ ಕರೆಯುತ್ತಿದೆ. ಫೋನು ಇಟ್ಟ ಮೇಲೆ ಊಟ ಸೇರಲಿಲ್ಲ. ವನಜ ಸಾರಿಗೆ ಉಪ್ಪು ಕಡಿಮೆಯಾಯಿತೇ ಎಂದು ಕೇಳಿದಳು.

ಸುದ್ದಿಯನ್ನು ಆಟದ ಗೆಳೆಯರಲ್ಲಿ ನಾನೇ ಹಂಚಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಶೀನ ಕೂದಲು ಬೆಳೆಸಿಕೊಳ್ಳಲು ಹೋಗಿದ್ದಾನೆ ಎಂದೆ. ಎಲ್ಲರೂ ನಕ್ಕರು, ನನಗೆ ಸ್ವಲ್ಪ ತಂಪಾಯಿತು.

ಎರಡು ವಾರ ಕಳೆದು ಶೀನ ಬಯಲಿಗೆ ಬಂದ. ಆಡಲಿಕ್ಕಲ್ಲ, ನೋಡಲಿಕ್ಕೆ. ಬಯಲಿನ ಅಂಚಿನಲ್ಲಿ ಗಾಳಿಮರದ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ. ತಲೆಯ ಮೇಲೆ ಒಂದು ನೀಲಿ ಟೊಪ್ಪಿ. ನಲವತ್ತು ವರ್ಷದಲ್ಲಿ ಅವನು ಟೊಪ್ಪಿ ಹಾಕಿದ್ದನ್ನು ನಾನು ಕಂಡದ್ದಿಲ್ಲ. ಅಂಥ ಕೂದಲನ್ನು ಯಾರಾದರೂ ಮುಚ್ಚಿಡುತ್ತಾರೆಯೇ? ನನಗೆ ಇನ್ನೇನು ಸಾಕ್ಷಿ ಬೇಕು!

"ಮಂಡಿ ಹ್ಯಾಂಗಿತ್ತ್ ಮಾರಾಯಾ?" ಎಂದೆ.

"ಚೂರ್ ಊದ್ಕಂಡಿತ್ತ್. ನೋವಿನ್ ಮಾತ್ರೆ ತಕಂಬುಕಾಗ ಅಂದಿರ್. ಆರ್ ವಾರ ಜಾಗ್ರತಿ ಮಾಡ್ಕಂಬ್ರ್."

"ಬಿಸ್ಲಿಗೆ ಟೊಪ್ಪಿ ಹಾಕಿದ್ದ್ ಒಳ್ಳೇದಾಯ್ತ್" ಎಂದೆ. ಅವನು ಹೌದೆಂದು ತಲೆಯಾಡಿಸಿದ. ಹಿಂದೆ ನಿಂತವರು ಬಾಯಿಗೆ ಟವೆಲ್ ಅಡ್ಡ ಹಿಡಿದರು.

ಎರಡನೆಯ ಸೆಟ್ಟಿನ ನಡುವೆ ನಮ್ಮವನೊಬ್ಬ ಮನೆಯಿಂದ ಕರೆ ಬಂದು ಹೊರಟುಹೋದ. ಆಟ ನಿಂತಿತು. ನಾನು ಕುರ್ಚಿಯ ಕಡೆ ತಿರುಗಿ, ನಾಲ್ಕೇ ಪಾಯಿಂಟು, ಬಾ ಎಂದೆ.

"ಹಾರುಕಾಗ ಅಂದಿರ್ ಮಾಷ್ಟ್ರೇ."

"ಮಂಡಿಗೆ ಚುಚ್ಚಿರೆ ಹಾರುಕೆಂತ? ಮಂಡಿ ಹಾರುದಾ, ನೀನ್ ಹಾರುದಾ?"

ಎಲ್ಲರೂ ಗೊಳ್ಳೆಂದರು. ಶೀನ ಒಂದು ಕ್ಷಣ ನನ್ನ ಮುಖವನ್ನೇ ನೋಡಿದ. ಆ ನೋಟದ ಅರ್ಥ ಆಗ ನನಗೆ ತಿಳಿಯಲಿಲ್ಲ. ಒಬ್ಬ ಮನುಷ್ಯನ ನೋಯುವ ಮೊಣಕಾಲನ್ನು ಅವನ ಹಳೆಯ ಜೊತೆಗಾರ ಹತ್ತು ಜನರೆದುರು ಹಾಸ್ಯ ಮಾಡಿದರೆ ಆ ಮನುಷ್ಯ ಹೇಗೆ ನೋಡಬಹುದೋ ಹಾಗೆ ನೋಡಿದ, ಅಷ್ಟೆ. ಆಮೇಲೆ ಎದ್ದು, ಚಪ್ಪಲಿ ಕಳಚಿ, ಒಳಗೆ ಬಂದ.

ಚೆಂಡು ನನ್ನ ಕೈಗೆ ಬಂತು. ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಾನು ಆ ಚೆಂಡನ್ನು ಎಂದಿಗಿಂತ ಎತ್ತರಕ್ಕೆ, ಎಂದಿಗಿಂತ ಹಿಂದಕ್ಕೆ ಎತ್ತಿದೆ. ಪಾಯಿಂಟಿಗಾಗಿ ಅಲ್ಲ. ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲದೆ ಆ ಚೆಂಡನ್ನು ಯಾರೂ ಮುಟ್ಟುವಂತಿರಲಿಲ್ಲ. ತಲೆ ಹಿಂದಕ್ಕೆ ಹೋದರೆ ಟೊಪ್ಪಿ ಬೀಳಬೇಕು. ಟೊಪ್ಪಿ ಬಿದ್ದರೆ ಸೂಜಿ ಚುಚ್ಚಿದ ನೆತ್ತಿ ಎಲ್ಲರಿಗೂ ಕಾಣಬೇಕು. ನನ್ನ ಲೆಕ್ಕ ಅಷ್ಟು ಕರಾರುವಾಕ್ಕಾಗಿತ್ತು, ಮಿತ್ರರೇ. ನಲವತ್ತು ವರ್ಷ ಚೆಂಡು ಎತ್ತಿ ಪಳಗಿದ ಹತ್ತು ಬೆರಳುಗಳ ವಿದ್ಯೆಯೆಲ್ಲ ಆ ಒಂದು ಕೇಡಿನ ಕೆಲಸಕ್ಕೆ ಬಂತು.

ಶೀನ ಹಾರಿದ. ಅರುವತ್ತೊಂದರ ಮನುಷ್ಯ ಅಷ್ಟು ಎತ್ತರ ಹಾರುತ್ತಾನೆಂದು ನೋಡಿದವರಲ್ಲದೆ ಬೇರೆಯವರು ನಂಬಲಾರರು. ಚೆಂಡಿಗೆ ಅಂಗೈ ತಾಗಿದ ಸದ್ದು ಕೇಳಿತು. ಟೊಪ್ಪಿ ಬಿತ್ತು. ಕಪ್ಪು ಕೂದಲು ಗಾಳಿಗೆ ಹರಡಿತು. ಒಂದು ಗುರುತಿಲ್ಲ, ಒಂದು ಸೂಜಿಯ ಕಲೆಯಿಲ್ಲ. ಅದನ್ನೇ ಹುಡುಕುತ್ತ ನಾನು ನಿಂತಿದ್ದಾಗ ಉಳಿದವರೆಲ್ಲ ಓಡಿದರು. ಎಡಗಾಲಿನ ಮೇಲೆ ಇಳಿದವನು ಹಾಗೆಯೇ ಹೊಯ್ಗೆಯಲ್ಲಿ ಕೂತು ಎರಡೂ ಕೈಯಿಂದ ಗಂಟನ್ನು ಹಿಡಿದುಕೊಂಡಿದ್ದ. ಗಂಟಿನ ಕೆಳಗೆ ಒಂದು ಸಣ್ಣ ಬಿಳಿ ಪಟ್ಟಿ ಅಂಟಿಸಿತ್ತು. ಆಗಲೂ, ಅದನ್ನು ಕಂಡಾಗಲೂ, ನನಗೆ ತಕ್ಷಣ ಹೊಳೆಯಲಿಲ್ಲ. ನನ್ನ ಕಣ್ಣು ಮತ್ತೆ ಅವನ ತಲೆಗೇ ಹೋಯಿತು.

ಶಬ್ದದ ಕಥೆ ತಿಳಿದದ್ದು ಆ ಸಂಜೆ ಉಪ್ಪುಂದದ ಅವನ ಮನೆಯಲ್ಲಿ. ಅವನ ಹೆಂಡತಿ ಗುಲಾಬಿ ಬಿಸಿ ಗಂಜಿಯ ಬಟ್ಟಲನ್ನು ಅವನ ಕೈಗಿಟ್ಟು, ನನ್ನ ಕಡೆ ತಿರುಗಿ, ಬೇಸರದ ನಡುವೆಯೂ ನಗುತ್ತ ಹೇಳಿದಳು. ಬ್ರಹ್ಮಾವರದ ಆಸ್ಪತ್ರೆಯ ಡಾಕ್ಟರು ಘಟ್ಟದ ಮೇಲಿನವರು, ಬಯಲುಸೀಮೆಯವರು. "ಅವ್ರ್ ಬಂದವ್ರೇ 'ಮಂಡಿ ನೋವಾ?' ಕೇಂಡ್ರ್. ಇವ್ರ್ 'ಮಂಡಿ ಸಮ ಇತ್ತ್ ಡಾಕ್ಟ್ರೇ, ಕಾಲಿನ್ ಗಂಟೇ ನೋವ್' ಅಂದ್ರ್. ಅವ್ರಿಗೂ ಅರ್ಥ ಆಯಿಲ್ಲ, ಇವ್ರಿಗೂ ಅರ್ಥ ಆಯಿಲ್ಲ. ಅಲ್ಲಿಂದ ಇವ್ರಿಗೆ ಅದೇ ತಮಾಷಿ, ಯಾರ್ ಫೋನ್ ಮಾಡಿರೂ ಮಂಡಿಗೆ ಇಂಜೆಕ್ಷನ್ ಅಂಬುದ್."

"ನಿಂಗ್ ಗೊತ್ತಾತ್ತ್ ಅಂದೇಳಿ ಎಣ್ಸಿದೆ," ಎಂದ ಶೀನ. "ಕನ್ನಡ ಮಾಷ್ಟ್ರಲ್ದಾ."

ಎಲ್ಲರಿಗೂ ಹೇಳಿದರೂ ಅವನು ನನಗಾಗಿಯೇ ಹೆಣೆದ ಹಾಸ್ಯ ಅದು. ಪುಸ್ತಕದ ಕನ್ನಡ ಬಲ್ಲ ಗೆಳೆಯ ಒಬ್ಬನೇ ಪೂರ್ತಿ ಸವಿಯಬಲ್ಲ ಹಾಸ್ಯ. ನಾನು ಆಗ ತಪ್ಪಿನ ಅರ್ಧವನ್ನಷ್ಟೇ ಒಪ್ಪಿಕೊಂಡೆ. ತಲೆ ಎಂದುಕೊಂಡಿದ್ದೆ ಮಾರಾಯ, ಕೂದಲಿಗೆ ಎಂದುಕೊಂಡಿದ್ದೆ ಎಂದೆ. ಗಂಡಹೆಂಡತಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಟೊಪ್ಪಿಯೋ, ಸುಮ್ಮನೆ ಕೂತವನಿಗೆ ಬಿಸಿಲು ತಾಗದಿರಲೆಂದು ಗುಲಾಬಿ ಹಾಕಿಸಿದ್ದಂತೆ. ಟೊಪ್ಪಿ ಬೀಳಿಸಲೆಂದು ಚೆಂಡನ್ನು ಹಿಂದಕ್ಕೆ ಎತ್ತಿದ ಇನ್ನರ್ಧವನ್ನು ನುಂಗಿಕೊಂಡು ಮನೆಗೆ ಬಂದೆ.

ಮಾಯುತ್ತಿದ್ದ ಸ್ನಾಯುವಿನ ಹುರಿ ಇನ್ನಷ್ಟು ಹರಿದಿದೆ ಎಂದರಂತೆ ಡಾಕ್ಟರು. ಮಂಡಿಚಿಪ್ಪಿನ ಕೆಳಗೆ ಕಾಲಿನ ಎಲುಬಿಗೆ ಕಟ್ಟಿದ ಹಗ್ಗದಂಥದ್ದು ಅದು. ಹಾರುವವರಿಗೆ ಸವೆಯುವುದು ಅದೇ. ವಿಶ್ರಾಂತಿ, ವ್ಯಾಯಾಮ, ಮಳೆಗಾಲ ಕಳೆಯುವ ಹೊತ್ತಿಗೆ ಬೇಕಾದರೆ ಇನ್ನೊಂದು ಇಂಜೆಕ್ಷನ್ನು. ಹಾರುವುದು? ಅದನ್ನು ಈಗ ಕೇಳಬೇಡಿ ಎಂದಿದ್ದರು.

ಎರಡನೆಯ ಇಂಜೆಕ್ಷನ್ನಿಗೆ ನಾನೇ ಜೊತೆಗೆ ಹೋದೆ. ಬೈಂದೂರಿನ ಕಡೆಯಿಂದ ಬ್ರಹ್ಮಾವರದವರೆಗೆ ಬಸ್ಸಿನಲ್ಲಿ ಅವನಿಗೆ ಕಾಲು ಚಾಚುವ ಸೀಟು ಹಿಡಿದುಕೊಟ್ಟೆ. ಅಪರಾಧಿ ಭಾವಕ್ಕೆ ಸೀಟು ಹಿಡಿಯುವಂಥ ಕೆಲಸಗಳು ಬಹಳ ಪ್ರಿಯ. ಆಸ್ಪತ್ರೆಯಲ್ಲಿ ಅವನ ತೋಳಿನಿಂದ ರಕ್ತ ತೆಗೆದರು. ಸ್ವಲ್ಪ ಹೊತ್ತಿನಲ್ಲಿ ಲ್ಯಾಬಿನ ಹುಡುಗಿ ಆ ಗಾಜಿನ ಕೊಳವೆಯನ್ನು ಹಿಡಿದುಕೊಂಡು ಬಂದಳು. ಕೆಳಗೆ ಗಟ್ಟಿ ಕೆಂಪು, ನಡುವೆ ತೆಳ್ಳನೆಯ ಬಿಳಿ ಗೆರೆ, ಮೇಲೆ ತಿಳಿಯಾದ ಹಳದಿ; ಅರಿಶಿನದ ನೀರು ನಿಂತು ತಿಳಿಯಾದಂತೆ. "ಇವರಿಗೆ ಪ್ಲೇಟ್‌ಲೆಟ್ ತುಂಬಾ ಚೆನ್ನಾಗಿದೆ ಡಾಕ್ಟ್ರೇ" ಎಂದಳು ಹುಡುಗಿ. ನೋಡಿದಿರಾ! ರಕ್ತ ತೆಗೆದರೆ ಅದರಲ್ಲಿಯೂ ಶೀನನಿಗೇ ಫಸ್ಟ್ ಕ್ಲಾಸು. ನನ್ನ ತಪ್ಪಿನಿಂದ ಕುಂಟುತ್ತಿರುವ ಮನುಷ್ಯನ ಪಕ್ಕದಲ್ಲಿ, ಅವನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗಲೂ ಹೊಟ್ಟೆಯಲ್ಲಿ ಚುರ್ ಎಂದಿತು.

ಡಾಕ್ಟರು ಪ್ರಾಮಾಣಿಕರು. ಇದು ಮಂತ್ರವಲ್ಲ, ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಹಿಡಿಯುವುದಿಲ್ಲ ಎಂದರು. ಚುಚ್ಚಿದ ಮೇಲೆ ಒಂದಷ್ಟು ದಿನ ನೋವು ಹೆಚ್ಚುತ್ತದೆ, ಊದಿಕೊಳ್ಳುತ್ತದೆ. ಆದರೆ ಊತ ಇಳಿಸುವ ಮಾತ್ರೆ ನುಂಗಬಾರದು, ಯಾಕೆಂದರೆ ಮಾಯುವ ಕೆಲಸ ಆ ಊತದಲ್ಲೇ ಶುರುವಾಗುವುದು ಎಂದರು. ಹೊರಗೆ ಬೆಂಚಿನ ಮೇಲೆ ಕೂತು ನಾನು ಆ ಮಾತನ್ನೇ ಯೋಚಿಸಿದೆ. ನಾನಾದರೋ ನನ್ನ ಊತಕ್ಕೆ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದೆ. ಇವತ್ತು ಅವನಿಗೆ ಒಂದು ಕೆಜಿ ಮೂಸಂಬಿ, ನಾಳೆ ಔಷಧದ ಅಂಗಡಿಗೆ ಓಡಾಟ, ನಾಡಿದ್ದು ಬಸ್ಸಿನ ಸೀಟು. ಹೇಳಬೇಕಾದ್ದನ್ನು ಹೇಳದೆ ಮಾಡಬಹುದಾದ ಉಪಕಾರಗಳಿಗೆ ಕೊನೆಯೇ ಇಲ್ಲ. ಇನ್ನೂ ಒಂದು ಯೋಚನೆ ಬಂತು. ಅವನ ಗಾಯಕ್ಕೆ ಮದ್ದು ಅವನೊಳಗೇ ಇತ್ತು; ಕೆಂಪನ್ನು ಕೆಳಗಿಳಿಸಿ ಹಳದಿಯನ್ನು ಮೇಲೆ ತಂದರೆ ಸಾಕಾಯಿತು. ನನ್ನನ್ನು ಅದೇ ಯಂತ್ರದಲ್ಲಿ ಕೂರಿಸಿ ತಿರುಗಿಸಿದರೆ ಮೇಲೆ ಬರುವುದೂ ಹಳದಿಯೇ ಇರಬಹುದು, ಆದರೆ ಅದು ಪಿತ್ತ. ಬೇರೆಯವರ ಕೂದಲು, ಬೇರೆಯವರ ಚಪ್ಪಾಳೆ, ಬೇರೆಯವರ ರಕ್ತದಲ್ಲಿನ ಕಣಗಳ ಎಣಿಕೆ, ಇಷ್ಟನ್ನು ಒಳಗಿಟ್ಟುಕೊಂಡು ನಲವತ್ತು ವರ್ಷ ತಿರುಗಿದವನಲ್ಲವೇ ನಾನು.

ಅವನ ಗಂಟು ಹೋದದ್ದು ಆ ಒಂದು ಆದಿತ್ಯವಾರದಿಂದ ಮಾತ್ರವೇ ಎಂಬುದು ಬೆಂಚಿನ ಮೇಲೆ ನನ್ನನ್ನು ಕಾಡಿದ ಇನ್ನೊಂದು ಪ್ರಶ್ನೆ. ಅರ್ಧ ಗೇಣು ಹಿಂದೆ ಬಂದ ಚೆಂಡಿಗಾಗಿ ಬೆನ್ನು ಬಗ್ಗಿಸಿ ಒಂದೇ ಕಾಲಿನ ಮೇಲೆ ಇಳಿದ ಸಲಗಳೆಷ್ಟು? ಡಾಕ್ಟರನ್ನು ಕೇಳಲು ಧೈರ್ಯ ಬರಲಿಲ್ಲ. ಉತ್ತರ ಹೌದು ಎಂದಿದ್ದರೆ ನಾನು ಹಿಂದಿರುಗುವ ಬಸ್ಸಿನಲ್ಲಿ ಅವನ ಪಕ್ಕ ಕೂರುವುದು ಹೇಗೆ?

ಈ ವರ್ಷ ನವರಾತ್ರಿ ಮುಗಿದ ಮೇಲೆ ಶೀನ ಮತ್ತೆ ಬಯಲಿಗೆ ಬಂದ. ನಡಿಗೆ ಸಲೀಸಾಗಿತ್ತು, ಮೆಟ್ಟಿಲು ಹತ್ತಿಳಿಯುತ್ತಾನೆ, ದೋಣಿಯ ಇಂಜಿನಿನ ಮುಂದೆ ಮೊದಲಿನಂತೆ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಹಾರುವುದು ಮಾತ್ರ ಇಲ್ಲ. ಇನ್ನು ಮೇಲೂ ಇಲ್ಲ ಎಂದು ಡಾಕ್ಟರು ಈಗ ಖಂಡಿತವಾಗಿ ಹೇಳಿದ್ದಾರೆ. ಹಾರದವನಿಗೆ ಬಯಲಿನಲ್ಲಿ ಉಳಿಯುವ ಜಾಗ ಒಂದೇ. ಅವನು ನೆಟ್ಟಿನ ಪಕ್ಕ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ನನ್ನನ್ನು ಪಕ್ಕಕ್ಕೆ ಸರಿಸಿ, ನನ್ನ ಜಾಗದಲ್ಲಿ ನಿಂತ. "ನಾ ಎತ್ತತೆ. ನೀ ಹೊಡಿ ಕಾಂಬ," ಎಂದ.

ನಲವತ್ತು ವರ್ಷ ನಾನು ಬಯಸಿದ ಜಾಗವಲ್ಲವೇ ಅದು! ಹೊಡೆಯುವವನ ಜಾಗ. ಚೆಂಡು ಶೀನನ ಬೆರಳಿಗೆ ಬಂತು, ಬೆರಳಿನಿಂದ ಮೇಲಕ್ಕೆ ಹೋಯಿತು, ನನ್ನ ಬಲಗೈಗೆ ಎದುರಾಗಿ ಬಂದು ತೂಗಿ ನಿಂತಿತು. ಅಂಥ ಲಿಫ್ಟನ್ನು ನಾನು ಹುಟ್ಟಿದ ಮೇಲೆ ಯಾರಿಗೂ ಕೊಟ್ಟದ್ದಿಲ್ಲ. ಇಷ್ಟು ವರ್ಷ ನನ್ನ ಬೆರಳುಗಳನ್ನು ನೋಡಿಯೇ ಕಲಿತಿರಬೇಕು, ಆದರೆ ನನಗಿಂತ ಚೆನ್ನಾಗಿ ಕಲಿತಿದ್ದಾನೆ. ಹಾರಿದೆ, ಹಾರಿದೆ ಎಂದು ನಾನು ಹೇಳಿಕೊಳ್ಳುವುದು, ನೋಡಿದವರು ಎಡವಿದ ಎನ್ನುತ್ತಾರೆ. ಅಂಗೈ ಚೆಂಡಿನ ಅಡಿಯಿಂದ ಹೋಯಿತು, ಚೆಂಡು ನನ್ನ ಬೋಳು ತಲೆಯ ಮೇಲೆ ಬಿದ್ದು ಟಪ್ ಎಂದು ಹಿಂದಕ್ಕೆ ಪುಟಿಯಿತು. ಬಯಲಿಗೆ ಬಯಲೇ ನಕ್ಕಿತು. ನನಗೆ ನಗು ಬರಲಿಲ್ಲ. ಎತ್ತುವ ವಿದ್ಯೆ ಒಂದಾದರೂ ನನ್ನದು ಎಂದು ಇಟ್ಟುಕೊಂಡಿದ್ದೆ.

ಆಟ ಮುಗಿದು ಎಲ್ಲರೂ ಸೈಕಲ್ಲು ಸ್ಕೂಟರು ಹತ್ತಿ ಹೋದ ಮೇಲೆ ನಾವಿಬ್ಬರೂ ನೆಟ್ಟು ಬಿಚ್ಚುತ್ತಿದ್ದೆವು. ಅವನು ಒಂದು ಕಂಬದ ಬಳಿ, ನಾನು ಇನ್ನೊಂದರ ಬಳಿ. ಮುಖ ನೋಡದೆ ಮಾತಾಡಬಹುದಾದಷ್ಟು ದೂರ. ಅದರಿಂದಲೇ ಇರಬೇಕು, ಮಾತು ಹೊರಬಿತ್ತು. ಆ ದಿನ ಚೆಂಡನ್ನು ಹಿಂದಕ್ಕೆ ಎತ್ತಿದ್ದು ಬೇಕೆಂದೇ, ಶೀನ, ಎಂದೆ. ನಿನ್ನ ಟೊಪ್ಪಿ ಬೀಳಿಸಲಿಕ್ಕೆ. ಹಿಂದೆ ಪಂದ್ಯಗಳಲ್ಲಿಯೂ ಎಷ್ಟೋ ಸಲ ಎತ್ತಿದ್ದೇನೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು, ಮೊದಲಿನಿಂದಲೂ.

ಅವನು ಹಗ್ಗದ ಗಂಟು ಬಿಚ್ಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತ್" ಎಂದ.

"ಎಂತ ಗೊತ್ತಿತ್ತ್?"

"ಬಾಲ್ ಮೇಲ್ ಹೋಪ ಹೊತ್ತಿಗೇ ಗೊತ್ತಾಯ್ತ್, ಅದ್ ನಂಗೆ ಎತ್ತಿದ್ದಲ್ಲ ಅಂದೇಳಿ. ನಿನ್ ಕಣ್ಣ್ ಟೊಪ್ಪಿ ಮೇಲಿತ್ತ್. ಹಿಂದಿಂದೂ ಗೊತ್ತಿತ್ತ್."

"ಮತ್ತೆ ಎಂತಕ್ ಹಾರ್ದೆ ಮಾರಾಯಾ?"

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ಹಗ್ಗ ಬಿಟ್ಟು ತಲೆಯೆತ್ತಿ ನೋಡಿದ.

"ನೀ ಎತ್ತಿರೆ ನಾ ಹಾರುದೇ ಅಲ್ದಾ?"

ಮಿತ್ರರೇ, ಮೂವತ್ತು ವರ್ಷ ಕನ್ನಡ ಪಾಠ ಮಾಡಿದ್ದೇನೆ, ಊರಿನ ಸಭೆಗಳಲ್ಲಿ ಸ್ನೇಹದ ಮೇಲೆ ಭಾಷಣ ಬಿಗಿದಿದ್ದೇನೆ. ಅಂಥದೊಂದು ವಾಕ್ಯ ನನ್ನ ಬಾಯಿಂದ ಒಮ್ಮೆಯೂ ಬಂದದ್ದಿಲ್ಲ. ಅದನ್ನೂ ಅವನೇ ಹೇಳಿಬಿಟ್ಟ. ತಪ್ಪು ನನ್ನದು, ಹಾಳಾದ ಕಾಲು ಅವನದು, ಕ್ಷಮಿಸುವ ಭಾಗ್ಯವೂ ಅವನದೇ. ನನ್ನ ಪಾಲಿಗೆ ಏನನ್ನೂ ಉಳಿಸದ ಆ ಮನುಷ್ಯನನ್ನು ನೋಡಿ ನನ್ನ ಹೊಟ್ಟೆ ಧಗಧಗ ಉರಿಯಿತು. ಕಣ್ಣೂ ಉರಿಯಿತು, ನೀರೂ ಬಂತು.

ಅವನು ನೋಡದವನ ಹಾಗೆ ಬಗ್ಗಿ, ಬಿಚ್ಚಿದ ನೆಟ್ಟನ್ನು ಮತ್ತೆ ಕಂಬಕ್ಕೆ ಸಿಕ್ಕಿಸಿದ. "ಬಾ, ಯಾರೂ ಇಲ್ಲ. ಇನ್ನೊಂದ್ ಸಲ ಹಾರ್," ಎಂದು ಚೆಂಡು ಎತ್ತಿದ.

ನಾನು ಹಾರಿದೆ.